ಜೈಲಿನಲ್ಲಿ ಎರಡನೇ ತಾರೀಕು

ಆಫೀಸಿನಲ್ಲಿ ಅವಳನ್ನು ಎಲ್ಲರೂ ‘ಎಂಟುಬೆರಳು’ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಆದರೆ ಬೆನ್ನಿಗೂ ಕಿವಿ ಇರುತ್ತದೆ. ಎಡಗೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಬಗ್ಗುತ್ತಿರಲಿಲ್ಲ. ಕೀಬೋರ್ಡಿನ ಮೇಲೆ ಉಳಿದ ಎಂಟು ಓಡಾಡುತ್ತಿದ್ದರೆ ಆ ಎರಡು ಮಾತ್ರ ಮುನಿಸಿಕೊಂಡ ಬೀಗರ ಹಾಗೆ ನೆಟ್ಟಗೆ ನಿಂತಿರುತ್ತಿದ್ದವು. “ಬಾಗಿಲಿಗೆ ಸಿಕ್ಕಿತು” ಎಂದು ಅವಳು ಹೇಳಿಕೊಂಡಿದ್ದಳು. ಅದು ಸುಳ್ಳಲ್ಲ. ಬಾಗಿಲು ಹಾಕಿದವನು ಅಣ್ಣ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಕಬ್ಬಿಣದ ಬಾಗಿಲು. ಅವನು ಅದನ್ನು ಎರಡು ಸಲ ಹಾಕಿದ್ದ. ಮೊದಲ ಸಲ ಕೋಪಕ್ಕೆ, ಎರಡನೇ ಸಲ ಅವಳು ಕೂಗಿಕೊಂಡದ್ದಕ್ಕೆ. ಅವಳು ದೂರು ಕೊಟ್ಟಳು, ನ್ಯಾಯಾಧೀಶರ ಮುಂದೆ ಕೈ ಚಾಚಿ ತೋರಿಸಿದಳು, ಅವನಿಗೆ ಎಂಟು ತಿಂಗಳ ಸಜೆಯಾಯಿತು. ಪೊಲೀಸರು ಕರೆದೊಯ್ಯುವಾಗ ಅವಳ ಪಕ್ಕದಲ್ಲೇ ಹಾದುಹೋದವನು, ಕುಶಲ ಕೇಳುವ ದನಿಯಲ್ಲಿ, “ಎಂಟು ತಿಂಗಳು. ನಿನಗೆ ಉಳಿದಿರೋದು ಎಂಟು ಬೆರಳು. ಲೆಕ್ಕ ಸರಿಹೋಯ್ತಲ್ಲ ತಂಗಿ” ಎಂದಿದ್ದ.

ಮನೆಯಲ್ಲಿ ಅಮ್ಮ ಅವಳನ್ನು ಕ್ಷಮಿಸಿರಲಿಲ್ಲ. “ಎರಡು ಬೆರಳಿಗೆ ಎಂಟು ತಿಂಗಳು ಹಾಕಿಸಿದೆಯಲ್ಲೇ! ಮುರಿದ ಬೆರಳು ಕೂಡುತ್ತೆ. ಹೋದ ಮಾನ ಕೂಡುತ್ತಾ?”

“ಕೂಡಿಲ್ಲಮ್ಮ, ನೋಡು.”

“ದಿನಾ ಬಿಸಿನೀರಲ್ಲಿ ಇಡು ಅಂದೆ. ಇಟ್ಟೆಯಾ? ಮಾತು ಕೇಳಿದ್ದರೆ ತಾನೇ.”

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆ ಹೆಗ್ಗಣ ತಮ್ಮ ಕಾಲನ್ನೇ ಕಚ್ಚಿದರೂ ಮುದ್ದು ಎಂಬುದನ್ನು ಗಾದೆ ಮಾಡಿದವರು ಸೇರಿಸಲು ಮರೆತರು. ಅಮ್ಮನ ಹಣೆಯ ಮೇಲೂ ಅಣ್ಣ ಎಸೆದ ಲೋಟದ ಗುರುತಿತ್ತು. ಅದನ್ನು ಮುಚ್ಚುವ ಹಾಗೆ ಆಕೆ ಕೂದಲು ಬಾಚುತ್ತಿದ್ದಳು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈ ತಿಂಗಳ ಹನ್ನೆರಡಕ್ಕೆ ಕೆಂಪು ಸುತ್ತು ಬಿದ್ದಿತ್ತು. ಅಣ್ಣನ ಅಂಗಿಗಳು ಒಗೆದು, ಇಸ್ತ್ರಿಯಾಗಿ, ಕುರ್ಚಿಯ ಮೇಲೆ ಮಡಿಸಿ ಕೂತಿದ್ದವು. ಅವಳು ಇಬ್ಬರಿಗೂ ಸೇರಿ ಬೇರೆ ಬಾಡಿಗೆ ಕೋಣೆ ನೋಡಿಬಂದಿದ್ದಳು. “ನಾನು ಬರಲ್ಲ. ಅವನು ಬಂದಾಗ ಮನೆ ಬೀಗ ಹಾಕಿರಬೇಕಾ?” ಎಂದಿದ್ದಳು ಅಮ್ಮ. ಅಮ್ಮನೊಬ್ಬಳನ್ನೇ ಅವನ ಕೈಗೆ ಬಿಟ್ಟು ಹೋಗುವ ಧೈರ್ಯ ಅವಳಿಗಿರಲಿಲ್ಲ.

ವಿಧಿಯ ಕುಚೋದ್ಯ ನೋಡಿ: ಅಣ್ಣನಿದ್ದ ಜೈಲಿನ ಬಿಡುಗಡೆಯ ಪಟ್ಟಿ ತಯಾರಿಸುವ ಪ್ರೋಗ್ರಾಂ ಬರೆದವಳು ಅವಳೇ. ಅಣ್ಣ ಒಳಗೆ ಹೋಗುವುದಕ್ಕೆ ಒಂದು ವರ್ಷ ಮೊದಲೇ ಬರೆದದ್ದು. ಬೆಳಿಗ್ಗೆ ಎಂಟಕ್ಕೆ ಜೈಲಿನ ಗುಮಾಸ್ತ ಪಟ್ಟಿಯನ್ನು ಮುದ್ರಿಸಿಕೊಂಡು ಗೇಟಿಗೆ ಕಳಿಸುತ್ತಿದ್ದ. ಪಟ್ಟಿಯಲ್ಲಿ ಹೆಸರಿದ್ದವನು ಆಚೆ, ಇಲ್ಲದವನು ಒಳಗೆ. ಹಳೆಯ ದಪ್ಪ ರಿಜಿಸ್ಟರುಗಳನ್ನು ಕಪಾಟಿಗೆ ಹಾಕಿ ಬೀಗ ಜಡಿದಾಗಿತ್ತು.

ಪ್ರೋಗ್ರಾಂ ಬರೆದ ಭಾಷೆಗೆ ಒಂದು ಶಿಸ್ತಿತ್ತು. ಅಲ್ಲಿ ಒಂದು ಹೆಸರಿಗೆ ಒಮ್ಮೆ ಬೆಲೆ ಕೊಟ್ಟರೆ ಮುಗಿಯಿತು. ಮತ್ತೆ ಅದು ಬದಲಾಗುವುದಿಲ್ಲ. ಫಂಕ್ಷನ್ ಎಂಬ ಲೆಕ್ಕದ ತುಣುಕು ತನ್ನ ಕೈಗೆ ಕೊಟ್ಟದ್ದನ್ನಷ್ಟೇ ನೋಡಬೇಕು, ಆಚೀಚೆ ಕಣ್ಣು ಹಾಯಿಸಬಾರದು. ಅದೇ ಪ್ರಶ್ನೆಗೆ ಎಂದೆಂದಿಗೂ ಅದೇ ಉತ್ತರ ಕೊಡಬೇಕು. ಅವರ ಮುಖ್ಯಸ್ಥರು ಇದನ್ನೇ ಉಸಿರಾಡುತ್ತಿದ್ದರು, ಹಾಗಾಗಿ ಅವರಿಗೆ ‘ಮಡಿವಂತರು’ ಎಂದು ಹೆಸರು ಬಿದ್ದಿತ್ತು. “ಫಂಕ್ಷನ್ ಒಳಗೆ ಗಡಿಯಾರ ನೋಡಿದೋರ ಕೈ ಕಡಿತೀನಿ” ಎಂದು ಒಮ್ಮೆ ಮೀಟಿಂಗಿನಲ್ಲಿ ಗುಡುಗಿ, ಅವಳ ಕೈ ಕಂಡು, “ನಿಮ್ಮದು ಆಗಲೇ ಕಂತು ಕಟ್ಟಿಯಾಗಿದೆ ಬಿಡಿ” ಎಂದಿದ್ದರು. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು.

ಆದ್ದರಿಂದ ಅವಳ ಫಂಕ್ಷನ್ ಗಡಿಯಾರ ನೋಡುತ್ತಿರಲಿಲ್ಲ. ಬಿಡುಗಡೆಯ ತಾರೀಕನ್ನೂ ‘ಇಂದು’ ಎಂಬ ತಾರೀಕನ್ನೂ ಹೊರಗಿನಿಂದ ಕೊಡಬೇಕು. ಅದು ಒಂದರಿಂದ ಒಂದನ್ನು ಕಳೆದು, ಉಳಿದ ದಿನ ಸೊನ್ನೆಯಾದರೆ ಹೆಸರನ್ನು ಪಟ್ಟಿಗೆ ಸೇರಿಸುತ್ತಿತ್ತು. ಅಷ್ಟೇ.

ಹತ್ತನೇ ತಾರೀಕು ಬೆಳಿಗ್ಗೆ ಆಫೀಸು ಗುಡಿಸುವ ಹೆಂಗಸು ಅವಳ ಕುರ್ಚಿಯ ಪಕ್ಕ ಬಂದು ನಿಂತಳು. ಆ ಹೆಂಗಸನ್ನು ಎಲ್ಲರೂ ‘ಪೊರಕೆಯಮ್ಮ’ ಎನ್ನುತ್ತಿದ್ದರು. ಗಂಡ ಒಂದು ಗೋದಾಮಿನ ಕಾವಲುಗಾರ. ಕಾವಲು ಕಾಯುತ್ತಿದ್ದ ತಗಡುಗಳನ್ನೇ ಮಾರಿ ಸಿಕ್ಕಿಬಿದ್ದು ಐದು ತಿಂಗಳಿಗೆ ಅದೇ ಜೈಲಿಗೆ ಹೋಗಿದ್ದ.

“ತಾಯೀ, ನಿಮ್ಮ ಕಂಪ್ಯೂಟ್ರು ಏನನ್ನುತ್ತೆ ಒಸಿ ನೋಡಿ. ನಮ್ಮೋರು ನಿನ್ನೆ ಬರಬೇಕಿತ್ತು. ಗೇಟಲ್ಲಿ ಕೇಳಿದ್ರೆ ಪಟ್ಟೀಲಿ ಹೆಸರಿಲ್ಲ ಹೋಗಮ್ಮ ಅಂತಾರೆ.”

“ತಾರೀಕು ಸರಿಯಾಗಿ ಗೊತ್ತಾ?”

“ಓದೋಕೆ ಬರಲ್ಲ ನಂಗೆ. ಆದ್ರೆ ಲೆಕ್ಕ ತಪ್ಪಲ್ಲ, ನೋಡಿ.” ಪೊರಕೆಯ ಹಿಡಿಗೆ ಕಟ್ಟಿದ ಉದ್ದನೆಯ ದಾರ ತೋರಿಸಿದಳು. ದಿನಕ್ಕೊಂದು ಗಂಟು. “ಗಂಟು ಮುಗಿದು ಒಂದು ದಿನ ಆಯ್ತು. ಅವರಿಗೆ ಕೆಮ್ಮು. ಮಾತ್ರೆ ನಿನ್ನೆವರೆಗೆ ಅಂತ ಎಣಿಸಿ ಕೊಟ್ಟಿದ್ದೆ.”

“ನೋಡ್ತೀನಿ. ಮಧ್ಯಾಹ್ನ ಬನ್ನಿ.”

ಅವಳು ನೋಡಿದಳು. ಹುಡುಕಲು ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಫಂಕ್ಷನ್ ಸರಿಯಿತ್ತು, ಅದರ ಕೈಗೆ ಕೊಡುತ್ತಿದ್ದ ‘ಇಂದು’ ತಪ್ಪಿತ್ತು. ಪ್ರತಿ ಸಲ ಗಡಿಯಾರವನ್ನು ಕೇಳಿ ತಾ ಎಂದು ಬರೆಯಬೇಕಾದಲ್ಲಿ ಅವಳು ಒಮ್ಮೆ ಕೇಳಿ ಇಟ್ಟುಕೋ ಎಂದು ಬರೆದಿದ್ದಳು. ಪ್ರೋಗ್ರಾಂ ಕಣ್ಣು ತೆರೆದ ದಿನ ಯಾವುದೋ, ಯಂತ್ರವನ್ನು ಆರಿಸುವವರೆಗೂ ಅದೇ ‘ಇಂದು’. ಇಷ್ಟು ದಿನ ಇದು ಗೊತ್ತಾಗಲಿಲ್ಲವೇಕೆಂದರೆ ಜೈಲಿನ ಹಳೆಯ ಕಂಪ್ಯೂಟರನ್ನು ಗುಮಾಸ್ತ ಸಂಜೆ ಆರಿಸಿ ಹೋಗುತ್ತಿದ್ದ. ಬೆಳಿಗ್ಗೆ ಹಚ್ಚಿದಾಗ ಹೊಸ ದಿನ ಹುಟ್ಟುತ್ತಿತ್ತು. ಈ ತಿಂಗಳ ಎರಡರಂದು ಹೊಸ ಯಂತ್ರ ಬಂದಿತ್ತು. ಅದನ್ನು ಆರಿಸುವ ಅಗತ್ಯವೇ ಇಲ್ಲವೆಂದು ಮಾರಿದವರು ಹೆಮ್ಮೆಯಿಂದ ಹೇಳಿದ್ದರು. ಅಂದಿನಿಂದ ಜೈಲಿನಲ್ಲಿ ದಿನವೂ ಎರಡನೇ ತಾರೀಕು. ಹಾಳೆಯ ತಲೆಯ ಮೇಲೆ ಪ್ರಿಂಟರು ತನ್ನ ಪಾಡಿಗೆ ಸರಿಯಾದ ತಾರೀಕು ಹಾಕುತ್ತಿತ್ತು, ಕೆಳಗೆ ಪಟ್ಟಿ ಮಾತ್ರ ಖಾಲಿ. ಸಣ್ಣ ಜೈಲು; ಖಾಲಿ ಪಟ್ಟಿ ಕಂಡು ಹುಬ್ಬೇರಿಸುವವರು ಯಾರು?

ಎರಡನೇ ತಾರೀಕಿನಿಂದ ಈಚೆಗೆ ದಿನ ತುಂಬಿಯೂ ಒಳಗಿದ್ದವರು ಆರು ಜನ. ಅವಳು ಪಟ್ಟಿಯನ್ನು ಕೆಳಕ್ಕೆ ಸರಿಸಿದಳು. ಹನ್ನೆರಡನೆಯ ತಾರೀಕಿನ ಎದುರು ಅಣ್ಣನ ಸಂಖ್ಯೆ.

ಅವಳ ಎಂಟು ಬೆರಳೂ ಕೀಬೋರ್ಡಿನಿಂದ ತಾವಾಗಿ ಮೇಲೆದ್ದವು.

ಮೆಲ್ಲಗೆ ಯೋಚಿಸಿದಳು, ಅವಳು ಅವಸರದ ಹೆಂಗಸಲ್ಲ. ಇವತ್ತೇ ತಪ್ಪು ತಿದ್ದಿದರೆ ನಾಡಿದ್ದು ಅಣ್ಣ ಮನೆಯಲ್ಲಿ. ತಿದ್ದದೆ ಹದಿಮೂರರವರೆಗೆ ಬಿಟ್ಟು, ಆಮೇಲೆ ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿ, ‘ಇಂದು’ವನ್ನು ಮಾತ್ರ ಸರಿಮಾಡಿದರೆ? ಅಲ್ಲಿಂದ ಮುಂದಿನವರೆಲ್ಲ ಸರಿಯಾಗಿ ಹೊರಗೆ ಬರುತ್ತಾರೆ. ಆದರೆ ದಿನ ದಾಟಿದವರ ಲೆಕ್ಕ ಮೈನಸ್ ಒಂದು, ಮೈನಸ್ ಎರಡು. ಫಂಕ್ಷನ್ ಕೇಳುವುದು ಸೊನ್ನೆಯನ್ನು. ಸೊನ್ನೆಗಿಂತ ಕಡಿಮೆಯಾದವರು ಅದರ ಕಣ್ಣಿಗೆ ಬೀಳುವುದಿಲ್ಲ. ಆರು ಮಂದಿ, ಏಳನೆಯವನು ಅಣ್ಣ. ‘ಸೊನ್ನೆಗೆ ಸಮ’ ಎಂಬುದನ್ನು ‘ಸೊನ್ನೆ ಅಥವಾ ಕಡಿಮೆ’ ಎಂದು ಮಾಡಿದರೆ ಏಳೂ ಮಂದಿ ಆಚೆ. ಮಾಡದಿದ್ದರೆ ಏಳೂ ಮಂದಿ ಒಳಗೆ. ಪೊರಕೆಯಮ್ಮನ ಗಂಡನನ್ನು ಬಿಟ್ಟು ಅಣ್ಣನನ್ನು ಹಿಡಿದಿಟ್ಟುಕೋ ಎಂದರೆ ಆ ಫಂಕ್ಷನ್ನಿಗೆ ತಿಳಿಯದು. ಅದಕ್ಕೆ ಅಣ್ಣನಿಲ್ಲ, ಗಂಡನಿಲ್ಲ.

ಮಧ್ಯಾಹ್ನ ಪೊರಕೆಯಮ್ಮ ಬಂದಳು.

“ಕಂಪ್ಯೂಟರ್ ತಪ್ಪು ಮಾಡಲ್ಲಮ್ಮ,” ಎಂದಳು ಅವಳು ಪರದೆಯಿಂದ ಕಣ್ಣು ತೆಗೆಯದೆ. “ನಿಮ್ಮ ಗಂಟಿನ ಲೆಕ್ಕವೇ ತಪ್ಪಿರಬೇಕು.”

“ಹಂಗಂತೀರಾ?” ಪೊರಕೆಯಮ್ಮ ದಾರವನ್ನು ಬೆರಳಲ್ಲಿ ಸವರಿದಳು. “ಇರಬೋದು ತಾಯಿ. ಜ್ವರ ಬಂದಾಗ ಒಂದೆರಡು ಜಾಸ್ತಿ ಹಾಕಿದ್ನೋ ಏನೋ.” ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಮೊದಲಿನಿಂದ ಎಣಿಸತೊಡಗಿದಳು.

ಹನ್ನೆರಡರಂದು ಅಮ್ಮ ಬೆಳಗಿನಿಂದ ಸಂಜೆಯವರೆಗೆ ಗೇಟಿನ ಮುಂದೆ ನಿಂತಿದ್ದು ಇಸ್ತ್ರಿ ಮಾಡಿದ ಅಂಗಿಯೊಂದಿಗೆ ಹಾಗೇ ವಾಪಸು ಬಂದಳು. “ಪಟ್ಟೀಲಿಲ್ಲ ಅಂತಾರೆ. ನಿನ್ನ ಆಫೀಸಿನೋರೇ ಅಲ್ವೇನೇ ಪಟ್ಟಿ ಮಾಡೋದು?”

“ನಾನೊಬ್ಬಳೇನಾ ಅಲ್ಲಿರೋದು?”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೆ ಮುಟ್ಟಿಕೊಳ್ತೀಯಾ? ಕೇಳಿದೆ, ಅಷ್ಟೇ.”

ಹದಿಮೂರರ ಊಟದ ಹೊತ್ತಿನಲ್ಲಿ ಅವಳು ಆಫೀಸಿನಿಂದಲೇ ಜೈಲಿನ ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿದಳು, ‘ಇಂದು’ವನ್ನು ಸರಿಮಾಡಿದಳು. ಹದಿನಾಲ್ಕರ ಬೆಳಿಗ್ಗೆ ಇಬ್ಬರು ಹೊರಗೆ ಬಂದರು, ಅವರ ದಿನಕ್ಕೆ ಸರಿಯಾಗಿ. ಒಳಗಿನ ಏಳು ಮಂದಿಯನ್ನು ಅವಳು ಮುಟ್ಟಲಿಲ್ಲ. ಆ ವಾರ ಅವಳಿಗೆ ಎಷ್ಟೋ ತಿಂಗಳ ನಂತರ ಸೊಂಪಾದ ನಿದ್ದೆ ಬಂತು.

ಹದಿನಾರಕ್ಕೆ ಪೊರಕೆಯಮ್ಮ ಮತ್ತೆ ಬಂದಳು. “ಎಣಿಸಿದೆ ತಾಯಿ, ನಾಕು ಸಲ ಎಣಿಸಿದೆ. ಕೆಮ್ಮಿದ್ರೆ ರಕ್ತ ಬರ್ತದಂತೆ. ಯಾವತ್ತು ಬಿಡ್ತಾರೆ, ಒಂದು ದಿನ ಹೇಳಿ ಸಾಕು. ಹತ್ತು ದಿನ ಅಂದ್ರೂ ತಡ್ಕೋತೀನಿ. ದಿನ ಗೊತ್ತಿಲ್ದಿದ್ರೆ ಗಂಟು ಎಲ್ಲಿಗೆ ಹಾಕ್ಲಿ?”

‘ಕಡಿಮೆ’ ಎಂಬ ಒಂದು ಚಿಹ್ನೆ ಸೇರಿಸಿದರೆ ಸಾಕಿತ್ತು. ಕೀಬೋರ್ಡಿನ ಮೇಲೆ ಅದು ಅವಳ ಬಲಗೈಯ ನಡುಬೆರಳಿನ ಕೆಳಗೇ ಇತ್ತು.

“ವಿಚಾರಿಸ್ತಿದ್ದೀನಿ,” ಎಂದಳು. “ಕಾಲ ಬರಬೇಕಲ್ಲಮ್ಮ.”

ಹತ್ತೊಂಬತ್ತರಂದು ಪೊರಕೆಯಮ್ಮ ಕೆಲಸಕ್ಕೆ ಬರಲಿಲ್ಲ. ಇಪ್ಪತ್ತರಂದು ಮಡಿವಂತರು ಪ್ರೋಗ್ರಾಂ ಬರೆದವಳನ್ನು ತಮ್ಮ ಕೋಣೆಯೊಳಗೆ ಕರೆದು ಬಾಗಿಲು ಹಾಕಿದರು. ಜೈಲಿನಿಂದ ಕಾಗದ ಬಂದಿತ್ತು: ಒಂಬತ್ತನೇ ತಾರೀಕಿಗೆ ಬಿಡುಗಡೆಯಾಗಬೇಕಿದ್ದ ಕೈದಿಯೊಬ್ಬ ಹತ್ತೊಂಬತ್ತಕ್ಕೆ ಒಳಗೇ ಸತ್ತಿದ್ದಾನೆ, ವಿವರಣೆ ಕೊಡಿ.

ಮಡಿವಂತರು ಪರದೆಯನ್ನು ಬಹಳ ಹೊತ್ತು ಓದಿದರು. ಯಾವ ದಿನ ಯಾರು ಏನು ತಿದ್ದಿದರು ಎಂಬುದೂ ಅಲ್ಲಿ ಸಾಲಾಗಿತ್ತು.

“ಹದಿಮೂರಕ್ಕೆ ‘ಇಂದು’ ಸರಿಮಾಡಿದೀರಿ. ದಿನ ದಾಟಿದೋರು ಮೈನಸ್ ಆಗಿ ಒಳಗೇ ಉಳೀತಾರೆ ಅಂತ ಹೊಳೀಲಿಲ್ವಾ?”

“ಇಲ್ಲ ಸಾರ್.”

“ನಿಮಗೆ ಹೊಳೀಲಿಲ್ಲ?”

“...ಇಲ್ಲ ಸಾರ್.”

ಅವರು ಅವಳ ಮುಖವನ್ನೇ ನೋಡಿದರು, ನಂಬಲಿಲ್ಲ, ನಂಬದಿರುವುದರಿಂದ ತಮಗೆ ಲಾಭವಿಲ್ಲ ಎಂಬುದನ್ನೂ ಲೆಕ್ಕ ಹಾಕಿದರು. “ಸರಿ. ಫಂಕ್ಷನ್ ಸರಿಯಾಗೇ ಇದೆ, ಯಂತ್ರ ಬದಲಾಯಿಸಿದವರು ನಮಗೆ ತಿಳಿಸಲಿಲ್ಲ. ಉತ್ತರ ನಾನು ಬರೀತೀನಿ. ಆ ಚಿಹ್ನೆ ಈಗಲೇ ನನ್ನ ಮುಂದೆ ತಿದ್ದಿ. ಮತ್ತೆ ಇದು ಈ ಗೋಡೆ ಬಿಟ್ಟು ಆಚೆ ಹೋದರೆ ನಾನು ಕೈ ತೊಳ್ಕೋತೀನಿ, ನೀವು ಮುಳುಗ್ತೀರಿ.”

ಅವಳು ತಿದ್ದಿದಳು. ಅರ್ಧ ಸೆಕೆಂಡು ಹಿಡಿಯಿತು.

ಇಪ್ಪತ್ತೊಂದರ ಮಧ್ಯಾಹ್ನ ಅಣ್ಣ ಮನೆಗೆ ಬಂದ. ಇಳಿದುಹೋಗಿದ್ದ. ಇಸ್ತ್ರಿ ಮಾಡಿದ ಅಂಗಿ ಹೆಗಲಿನಿಂದ ಜಾರುತ್ತಿತ್ತು. ಊಟಕ್ಕೆ ಕೂತವನು ಬಹಳ ಹೊತ್ತು ತಟ್ಟೆ ಮುಟ್ಟಲಿಲ್ಲ.

“ನನ್ನ ಪಕ್ಕದಲ್ಲಿ ಒಬ್ಬ ಕಾವಲುಗಾರ ಇದ್ದ ಕಣಮ್ಮ,” ಎಂದ. “ಕೆಮ್ಮಿ ಕೆಮ್ಮಿ ಸತ್ತ. ನನ್ನ ತೊಡೆ ಮೇಲೇ ಸತ್ತ. ಇವತ್ತು ತಾರೀಕೆಷ್ಟು, ಇವತ್ತು ತಾರೀಕೆಷ್ಟು ಅಂತ ಗಂಟೆಗೊಂದು ಸಲ ಕೇಳೋನು. ಕೊನೆಗೆ ನಾನು ಸುಳ್ಳು ಹೇಳ್ತಿದ್ದೆ, ಒಂಬತ್ತು ಆಗಿಲ್ಲ ಇನ್ನೂ, ಮಲಕ್ಕೋ ಅಂತ.” ಅವನ ಕಣ್ಣು ತುಂಬಿತು. ಅವಳು ಆ ಕಣ್ಣನ್ನು ಎಂದೂ ಹಾಗೆ ನೋಡಿರಲಿಲ್ಲ.

ಅಮ್ಮ ಕಣ್ಣೊರೆಸಿಕೊಂಡು, “ಆರಿಹೋಯ್ತು, ಉಣ್ಣಪ್ಪಾ” ಎಂದಳು.

ಅವನು ಒಂದು ತುತ್ತು ಬಾಯಿಗಿಟ್ಟು, ತಣ್ಣಗಾಗಿದೆಯೆಂದು ತಟ್ಟೆಯನ್ನು ಅಮ್ಮನ ಮುಖಕ್ಕೆ ಎಸೆದ. ಆಮೇಲೆ ತಂಗಿಯ ಕಡೆ ತಿರುಗಿ, ಮೊದಲಿನದೇ ಕುಶಲದ ದನಿಯಲ್ಲಿ, “ಒಂಬತ್ತು ದಿನ ಜಾಸ್ತಿ ಇಟ್ಟುಕೊಂಡರು ನನ್ನ. ನಿಮ್ಮ ಆಫೀಸಲ್ಲಿ ಯಾರು ಆ ಪಟ್ಟಿ ಮಾಡೋರು, ನಿಧಾನವಾಗಿ ಹೇಳು, ಅವಸರವಿಲ್ಲ” ಎಂದ.

ಅವಳು ಅವನ ಬಗ್ಗೆ ಎಣಿಸಿದ್ದು ತಪ್ಪಾಗಿರಲಿಲ್ಲ. ಅದರಿಂದ ಯಾವ ಸಮಾಧಾನವೂ ಸಿಗಲಿಲ್ಲ.

ಇಪ್ಪತ್ಮೂರಕ್ಕೆ ಪೊರಕೆಯಮ್ಮ ಕೆಲಸಕ್ಕೆ ಬಂದಳು. ಮೇಜುಗಳ ಕೆಳಗೆಲ್ಲ ಗುಡಿಸಿಕೊಂಡು ಅವಳ ಬಳಿ ತಲುಪಿದಾಗ, “ಕಾಲೆತ್ತಿ ತಾಯಿ” ಎಂದಳು. ಅವಳು ಕಾಲೆತ್ತಿದಳು. ಪೊರಕೆಯ ಹಿಡಿಯಲ್ಲಿ ದಾರ ಇರಲಿಲ್ಲ.

ಗುಡಿಸಿಯಾದ ಮೇಲೆ ಪೊರಕೆಯಮ್ಮ ಒಂದು ಮಡಿಸಿದ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. “ಜೈಲಿಂದ ಮನೆಗೆ ಬಂತು. ನನಗೆ ಓದೋಕೆ ಬರಲ್ಲ, ಅಕ್ಕಪಕ್ಕದೋರು ಓದಿ ಮುಖ ಮುಖ ನೋಡ್ಕೋತಾರೆ, ಹೇಳಲ್ಲ. ನೀವಾದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತೀರ.”

ಅವಳು ಬಿಡಿಸಿದಳು. ಪಟ್ಟಿಯ ಜೊತೆಗೇ ಕೈದಿಯ ಮನೆಗೂ ಹೋಗುವ, ತನ್ನದೇ ಪ್ರೋಗ್ರಾಂ ತಯಾರಿಸಿದ ಬಿಡುಗಡೆಯ ಚೀಟಿ. ದಿನ ದಾಟಿದ ಏಳೂ ಮಂದಿಯ ಹೆಸರಿಗೆ ಅದು ಇಪ್ಪತ್ತೊಂದರ ಬೆಳಿಗ್ಗೆ ಚೀಟಿ ಕಳಿಸಿತ್ತು. ಕೈಗೆ ಎರಡು ತಾರೀಕು ಕೊಟ್ಟಿದ್ದರು, ಅದು ಕಳೆದಿತ್ತು. ಸಾವಿನ ತಾರೀಕನ್ನು ಅದರ ಕೈಗೆ ಯಾರೂ ಕೊಟ್ಟಿರಲಿಲ್ಲ.

“ಬಿಡುಗಡೆ ಅಂತ ಇದೆ,” ಎಂದಳು.

“ಯಾರಿಗೆ?”

“ನಿಮ್ಮೋರಿಗೆ.”

ಪೊರಕೆಯಮ್ಮ ಹಾಳೆಯ ಮೇಲೆ ಬಗ್ಗಿದಳು. “ತಾರೀಕು?”

“ಇಪ್ಪತ್ತೊಂದು.”

“ಅವರು ಹೋಗಿದ್ದು ಹತ್ತೊಂಬತ್ತಕ್ಕಲ್ವಾ?” ಪೊರಕೆಯಮ್ಮ ಬೆರಳು ಮಡಚಿ ಎಣಿಸಿದಳು, ಎರಡು ಬೆರಳು ಮಡಚಿ ನಿಂತಳು. ಹಾಳೆಯನ್ನು ಮೊದಲಿನ ಹಾಗೇ ಮಡಿಸಿಕೊಂಡಳು. “ಹಂಗಾದ್ರೆ ನನ್ನ ಗಂಟೇ ತಪ್ಪಿತ್ತು ನೋಡಿ. ನೀವು ಅವತ್ತೇ ಹೇಳಿದ್ರಿ. ಇನ್ನೆರಡು ದಿನ ಉಸಿರು ಹಿಡಿದಿದ್ರೆ ಮನೇಲಿ ಸಾಯ್ತಿದ್ರು.”

ಪೊರಕೆ ಎತ್ತಿಕೊಂಡು ಪಕ್ಕದ ಮೇಜಿನ ಕಡೆ ಹೋದಳು. ಅಲ್ಲಿಯೂ, “ಕಾಲೆತ್ತಿ” ಎಂದದ್ದು ಕೇಳಿಸಿತು.