ಅಲೇಗೊದ ಮಗಳ ಹಾಡು

ಕಿಸುಮು ಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದ್ದ ಒಲ್ವೆನಿಯ ರೆಕಾರ್ಡ್ ಅಂಗಡಿ ಆ ಶನಿವಾರಕ್ಕೆ ಶಾಶ್ವತವಾಗಿ ಮುಚ್ಚಲಿತ್ತು. ಉಳಿದ ಸರಕನ್ನೆಲ್ಲ ದೂರದೇಶದ ಸಂಗ್ರಾಹಕನೊಬ್ಬ ಕೊಂಡಿದ್ದ; ಅವನ ಲಾರಿ ನಾಲ್ಕು ಗಂಟೆಗೆ ಬರುವುದೆಂದು ನಿಶ್ಚಯವಾಗಿತ್ತು. ಸುದ್ದಿ ಕಿವಿಗೆ ಬಿದ್ದೊಡನೆ ನಿವೃತ್ತ ಮೇಷ್ಟ್ರು ಜಬ್ಲೋನ್ ಒಗ್ವೆನೊ ಪ್ರಾರ್ಥನೆ ಮುಗಿಸಿ, ಇಸ್ತ್ರಿಯ ಕೋಟು ತೊಟ್ಟು, ಹೆಂಡತಿ ದೋರ್ಸಿಲಾಳೊಡನೆ ಹೊರಟೇಬಿಟ್ಟರು. ಐವತ್ತು ವರ್ಷಗಳ ಹಿಂದೆ ಇದೇ ಅಂಗಡಿಯಲ್ಲಿ ಕೊಂಡು, ಮನೆ ಬದಲಿಸುವಾಗ ಕಳೆದುಕೊಂಡ ಹಾಡೊಂದು ಅವರಿಗೆ ಬೇಕಾಗಿತ್ತು. ಲಾರಿ ಹೊರಟರೆ ಬದುಕಿರುವ ತನಕ ಅದು ಮತ್ತೆ ಕಿವಿಗೆ ಬೀಳುವಂತಿರಲಿಲ್ಲ. ದೋರ್ಸಿಲಾ ಮಾತ್ರ, ತಾನು ಬರುತ್ತಿರುವುದು ಮೀನು ಕೊಳ್ಳಲಿಕ್ಕೇ ಹೊರತು ಆ ಹಾಳು ಹಾಡಿಗಲ್ಲವೆಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು.

ಅಂಗಡಿಯ ಮರದ ಕಟ್ಟೆಯ ಮುಂದೆ ನಿಂತಾಗ ಮೇಷ್ಟ್ರ ಎದೆ ಹಗುರಾಯಿತು. ಅವರ ಪ್ರಾಯದ ದಿನಗಳಲ್ಲಿ ಶನಿವಾರ ಬಂತೆಂದರೆ ಬಾಗಿಲ ಮೇಲಿನ ಸ್ಪೀಕರಿನ ಸದ್ದಿಗೆ ಬೀದಿಯೇ ಕುಣಿಯುತ್ತಿತ್ತು. ಒಲ್ವೆನಿ ಹೊಸ ಹಾಡಿನ ತಟ್ಟೆಯನ್ನು ಅಂಗಿಯ ತೋಳಿನಿಂದ ಒರೆಸಿ, ಗ್ರಾಮಫೋನಿನ ಮುಳ್ಳಿನ ಧೂಳನ್ನು ಉಸಿರಿನಿಂದ ಊದಿ, ಒಂದು ಮಗ್ಗುಲನ್ನು ಪೂರ್ತಿ ಕೇಳಿಸದೆ ಯಾರಿಗೂ ಮಾರುತ್ತಿರಲಿಲ್ಲ. ಹಾಡುಗಳ ಹೆಸರು ಯಾರಿಗೂ ನೆನಪಿರುತ್ತಿರಲಿಲ್ಲ. ಬೇಕಾದುದನ್ನು ಕಟ್ಟೆಯ ಮುಂದೆ ನಿಂತು ಹಾಡಿ ತೋರಿಸಬೇಕಿತ್ತು. ಒಲ್ವೆನಿ ಕಣ್ಣು ಮುಚ್ಚಿ ಆಲಿಸುತ್ತಿದ್ದ. ಎರಡು ಸಾಲು ಮುಗಿಯುವುದರೊಳಗೆ ಹಿಂತಿರುಗಿ ನೋಡದೆಯೇ ಸರಿಯಾದ ತಟ್ಟೆಯನ್ನು ಎಳೆಯುತ್ತಿದ್ದ. ಜಬ್ಲೋನರ ಗಂಟಲು ಮಾತ್ರ ಅವನಿಗೂ ಸವಾಲಾಗಿತ್ತು. "ಮೇಷ್ಟ್ರೇ, ಹಾಡ್ತಿದೀರೋ, ಮೇಕೆ ಕರೀತಿದೀರೋ?" ಎಂದು ಕೇಳಿ ಅಂಗಡಿಯನ್ನೆಲ್ಲ ನಗಿಸುತ್ತಿದ್ದ.

ಆ ಹಾಡಿಗಾಗಿ ಮೇಷ್ಟ್ರು ತಮ್ಮ ಕೈಗಡಿಯಾರವನ್ನೇ ಕೊಟ್ಟಿದ್ದರು. ಕುಣಿತದ ಕೂಟದಲ್ಲಿ ಗಾಯಕನಿಗೆ ಏನಾದರೂ ಕೊಟ್ಟರೆ, ಕೊಟ್ಟವನು ಮೆಚ್ಚಿದವಳನ್ನು ಆತ ಹಾಡಿನಲ್ಲಿ ಹೊಗಳುತ್ತಿದ್ದ. ಹೆಣ್ಣನ್ನು ಹೊಗಳುವುದು ಹೆಸರಿನಿಂದಲ್ಲ, ಹುಟ್ಟಿದ ಸೀಮೆಯಿಂದ. ಜಬ್ಲೋನರು ದೋರ್ಸಿಲಾಳನ್ನು ಮೊದಲು ಕಂಡದ್ದು ಅಲೇಗೊದ ಬಾವಿಯ ಬಳಿ. ಆದ್ದರಿಂದ ಅಲೇಗೊದ ಮಗಳೆಂದೇ ಹೇಳಿದರು; ಗಾಯಕ ಹಾಗೆಯೇ ಹಾಡಿದ; ಹಾಡು ತಟ್ಟೆಯಾಗಿ ಒಲ್ವೆನಿಯ ಅಂಗಡಿಗೂ ಬಂದಿತು. ಅದನ್ನು ಅಂಗಿಯೊಳಗೆ ಅವಚಿಕೊಂಡು ಸೈಕಲ್ ತುಳಿದು ಹೋಗಿ ಕೇಳಿಸಿದಾಗ ದೋರ್ಸಿಲಾ ಚಹಾದ ಬಟ್ಟಲನ್ನು ಕೆಳಗಿಟ್ಟು, ಆ ಅಲೇಗೊದವಳು ಯಾರೆಂದು ಕೇಳಿದಳು. ನೀನೇ ಎಂದರು ಮೇಷ್ಟ್ರು.

"ಅಲೇಗೊ ನಮ್ಮಕ್ಕನ್ನ ಕೊಟ್ಟ ಊರು. ನಾನು ಅಸೆಂಬೊದವಳು. ಹುಟ್ಟೂರೇ ಗೊತ್ತಿಲ್ದವರು ನಾಳೆ ಹಸು ಹೊಡ್ಕೊಂಡು ಯಾರ ಅಂಗಳಕ್ಕೆ ಹೋಗ್ತೀರಿ?"

ಮದುವೆಗೆ ಮುಂಚೆ ಹೆಣ್ಣಿನ ತಂದೆಗೆ ಕೊಡಬೇಕಾದ ಹಸುಗಳೇನೋ ಸರಿಯಾದ ಅಂಗಳವನ್ನೇ ಸೇರಿ ಮದುವೆಯೂ ನಡೆಯಿತು. ಆದರೆ ಆಕೆಯ ಎದುರಿನಲ್ಲಿ ಮೇಷ್ಟ್ರು ಆ ತಟ್ಟೆಯನ್ನು ಮತ್ತೆ ಹಾಕಲಿಲ್ಲ. ಮೇಷ್ಟ್ರೂ ಅಂದಿನಿಂದ ಆಕೆಯನ್ನು 'ಅಸೆಂಬೊದ ಮಗಳೇ' ಎಂದಲ್ಲದೆ ಬೇರೆ ರೀತಿಯಲ್ಲಿ ಕರೆದವರಲ್ಲ.

ಈಗ ಕಟ್ಟೆಯ ಹಿಂದೆ ಇದ್ದವಳು ಒಲ್ವೆನಿಯ ಮಗಳು ಜೆನಿಫಾ. ಅಪ್ಪನ ಕಿವಿ ಅವಳಿಗೂ ಬಂದಿತ್ತು. ಹಾಡಿನ ಹೆಸರೂ ಗೊತ್ತಿಲ್ಲ, ಗಾಯಕನ ಹೆಸರೂ ಮರೆತಿದೆ ಎಂದು ಮೇಷ್ಟ್ರು ಒಪ್ಪಿಕೊಂಡಾಗ, ಹಾಗಾದರೆ ಹಾಡಿ ಎಂದು ಕಣ್ಣು ಮುಚ್ಚಿದಳು. ಮೇಷ್ಟ್ರು ಹಾಡಿದರು. ಜೆನಿಫಾ ಒಂದು ತಟ್ಟೆ ತೆಗೆದಳು, ಅದಲ್ಲ. ಮತ್ತೆ ಹಾಡಿದರು, ಅದೂ ಅಲ್ಲ. ಮೂರನೆಯದೂ ಬೇರೆಯೇ ಆಯಿತು. ಅಷ್ಟರಲ್ಲಿ ಲಾರಿ ಬಂದು ನಿಂತಿತು, ಆಳುಗಳು ಪೆಟ್ಟಿಗೆಗಳಿಗೆ ಹಗ್ಗ ಬಿಗಿಯತೊಡಗಿದರು. ಮೇಷ್ಟ್ರು ಹಣೆಯ ಬೆವರೊರೆಸಿ, "ಹೋಗ್ಲಿ ಬಿಡಮ್ಮ," ಎಂದು ಊರುಗೋಲು ಕೈಗೆತ್ತಿಕೊಂಡರು.

ದೋರ್ಸಿಲಾ ದಾರಿಯಲ್ಲಿ ಕೊಂಡಿದ್ದ ಮೀನಿನ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟಳು. ಗೋಡೆಯನ್ನೇ ನೋಡುತ್ತ, ಬೆರಳಿನಿಂದ ಮರದ ಮೇಲೆ ತಾಳ ಹಾಕುತ್ತ, ಮೊದಲು ಗಿಟಾರಿನ ಓಟವನ್ನು ಗುನುಗಿ ಆಮೇಲೆ ಮಾತುಗಳಿಗೆ ಬಂದಳು. ಒಂದಕ್ಷರವೂ ತಪ್ಪಲಿಲ್ಲ. ಊರಿನ ಹೆಸರು ಬರುವ ಎಡೆ ಹತ್ತಿರವಾದಂತೆ ಮೇಷ್ಟ್ರು ಆಕೆಯತ್ತ ಬಾಗಿದರು. ಆಕೆ ತಿದ್ದಲಿಲ್ಲ, 'ಅಲೇಗೊದ ಮಗಳೇ' ಎಂದೇ, ಗಾಯಕ ಎಳೆದಷ್ಟೇ ಎಳೆದು, ಅವನಂತೆಯೇ ಕೊನೆಯಲ್ಲಿ ದನಿಯನ್ನು ಕಂಪಿಸಿ ಹಾಡಿದಳು.

ಜೆನಿಫಾ ಕಣ್ಣು ತೆರೆಯದೆಯೇ, "ಆ ಹಸಿರು ಪೆಟ್ಟಿಗೆ ಹಗ್ಗ ಬಿಚ್ಚಿ," ಎಂದು ಆಳುಗಳಿಗೆ ಹೇಳಿದಳು.

ಮೇಷ್ಟ್ರು ಊರುಗೋಲನ್ನು ಕಟ್ಟೆಗೆ ಒರಗಿಸಿದರು. "ಯಾವಾಗ ಕಲಿತೆ, ಅಸೆಂಬೊದ ಮಗಳೇ?"

"ನೀವು ಶಾಲೆಗೆ ಹೋದ್ಮೇಲೆ ಮನೇಲಿ ನಾನೂ ತಟ್ಟೆಯೂ ಇಬ್ಬರೇ ಇರ್ತಿದ್ವಲ್ಲ."

"ಆ ಹಾಡಂದ್ರೆ ಸಿಟ್ಟು ಅಂತಿದ್ದೆ?"

"ಸಿಟ್ಟು ನಿಮ್ಮ ಮೇಲೆ. ಹಾಡೇನು ಮಾಡಿತ್ತು, ಪಾಪ?"

ಜೆನಿಫಾ ತಟ್ಟೆಯನ್ನು ತೋಳಿನಿಂದ ಒರೆಸಿ, ಮುಳ್ಳಿನ ಧೂಳು ಊದಿ ಇಟ್ಟಳು. ಕರಕರ ಸದ್ದಿನ ಹಿಂದೆಯೇ ಗಿಟಾರು ಓಡಿ ಬಂದು ಬೀದಿಗಿಳಿಯಿತು. ಹಗ್ಗ ಹಿಡಿದಿದ್ದ ಆಳುಗಳೂ ನಿಂತರು. ಒಂದು ಮಗ್ಗುಲು ಮುಗಿದಾಗ, ಇನ್ನು ಹೊರಡೋಣವೇ, ಮೀನು ಕೆಟ್ಟೀತು ಎಂದರು ಮೇಷ್ಟ್ರು.

"ಕೆಡ್ಲಿ," ಎಂದಳು ದೋರ್ಸಿಲಾ, ಕುರ್ಚಿಯೊಂದನ್ನು ಎಳೆದುಕೊಂಡು. "ಆ ಕಡೇನೂ ಹಾಕಮ್ಮ."