ಈರಮ್ಮನ ಎರಡನೇ ಸೀರೆ

ವಯಸ್ಸಾದ ಮೇಲೆ ಮರೆವು ಬರುವುದು ಹೊಸ ಸುದ್ದಿಯೇನಲ್ಲ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಅಜ್ಜಂದಿರು ಯಾವ ಊರಲ್ಲಿಲ್ಲ? ಆದರೆ ನಾರಾಯಣಖೇಡದ ಈರಮ್ಮನ ಮರೆವು ಆ ತರಹದ್ದಲ್ಲ. ಉಂಡದ್ದೇ ನೆನಪಿರುವುದಿಲ್ಲ. ಮಗ ಅಮರನಾಥನನ್ನು ತನ್ನ ತಮ್ಮ ಎನ್ನುತ್ತಾಳೆ. ಇದು ಮರೆವಿನ ಕಾಯಿಲೆ, ಚೆನ್ನಾಗಿ ನೋಡಿಕೊಳ್ಳಿ ಎಂದು ಜಹೀರಾಬಾದಿನ ಡಾಕ್ಟರು ಹೇಳಿ ಕಳಿಸಿದ್ದರು. ಸೊಸೆ ಪ್ರೇಮಲಾ ನೋಡಿಕೊಳ್ಳುತ್ತಲೂ ಇದ್ದಳು. ತಲೆ ಬಾಚುವಾಗ ಅತ್ತೆ ಬೈದರೆ ಬೈಸಿಕೊಳ್ಳುತ್ತಿದ್ದಳು, ನಕ್ಕರೆ ತಾನೂ ನಗುತ್ತಿದ್ದಳು.

ಒಂದು ಸಂಗತಿ ಮಾತ್ರ ಅವಳಿಗೆ ಅರ್ಥವಾಗಿರಲಿಲ್ಲ. ಹೊತ್ತು ಇಳಿಯುತ್ತಿದ್ದಂತೆ ಈರಮ್ಮ ಉಟ್ಟ ಸೀರೆಯ ಮೇಲೆ ಇನ್ನೊಂದು ಸೀರೆ ಉಡುತ್ತಿದ್ದಳು. ಸೆರಗಿಗೆ ಗಂಟಿನ ಮೇಲೆ ಗಂಟು ಹಾಕುತ್ತಿದ್ದಳು.

"ಒಂದ್ ಉಟ್ಟಿದ್ದು ಮರ್ತು ಮತ್ತೊಂದ್ ಉಟ್ಕೊಂಡಾಳ," ಎಂದು ಅಮರನಾಥ ನಕ್ಕಿದ್ದ. ಪ್ರೇಮಲಾಳೂ ನಕ್ಕಿದ್ದಳು.

ಪಕ್ಕದ ಮನೆಯ ಶಾಮಲಾ ಸರ್ಕಾರಿ ದವಾಖಾನೆಯಲ್ಲಿ ನರ್ಸ್. ಒಂದು ಸಂಜೆ ಜರಡಿ ಕೇಳಲು ಬಂದವಳು ಈರಮ್ಮನನ್ನು ನೋಡಿ ನಗಲಿಲ್ಲ.

"ಮುಂಜಾನಿನೂ ಎರಡ್ ಸೀರಿ ಉಡ್ತಾರೇನ?" ಎಂದು ಕೇಳಿದಳು.

"ಇಲ್ಲಕ್ಕಾ. ಸಂಜಿಗಷ್ಟೇ."

"ಮರವಿಗಿ ಮುಂಜಾನಿ ಸಂಜಿ ಗೊತ್ತಾಗಂಗಿಲ್ಲ ಪ್ರೇಮಲಾ. ಅಂಜಿಕಿಗಿ ಗೊತ್ತಾಗ್ತದ."

ಆ ಮಾತು ಪ್ರೇಮಲಾಳ ತಲೆಯಲ್ಲಿ ಕುಳಿತಿತು. ಮರುದಿನ ಅತ್ತೆಗೆ ಸ್ನಾನ ಮಾಡಿಸುವಾಗ ಮುಂಗೈ ಮೇಲೆ ಹಿಡಿದೆಳೆದಂಥ ನೀಲಿ ಗುರುತು ಕಂಡಿತು.

"ಅತ್ತಿ, ಇದೇನಾತು?"

"ಆ ಗಂಡಸು ಬರ್ತಾನ," ಎಂದಳು ಈರಮ್ಮ, ಸಣ್ಣ ದನಿಯಲ್ಲಿ.

"ಯಾವ ಗಂಡಸ?"

ಈರಮ್ಮ ಬೆರಳು ಮಾಡಿ ತೋರಿಸಿದ್ದು ಗೂಟಕ್ಕೆ ತೂಗುಹಾಕಿದ್ದ ರುಮಾಲನ್ನು. ಅದು ಮಾವ ವೈಜಿನಾಥರದು. ತನ್ನ ಗಂಡನ ಗುರುತೇ ಈರಮ್ಮನಿಗೆ ಉಳಿದಿರಲಿಲ್ಲ. ಹೊರಗೆ ಕತ್ತಲಾದರೆ ಯಾರೋ ಪರಗಂಡಸು ತನ್ನ ಹಾಸಿಗೆಗೆ ಬರುತ್ತಾನೆ ಎಂದು ಆ ಜೀವ ಹೆದರಿ ಸಾಯುತ್ತಿತ್ತು.

ಮಾವ ಕೆಟ್ಟವರಾಗಿದ್ದರೆ ಬೈದಾದರೂ ಬಿಡಬಹುದಿತ್ತು. ತೊಗರಿ ವ್ಯಾಪಾರದಲ್ಲಿ ಒಬ್ಬರಿಗೂ ಮೋಸ ಮಾಡದ ಮನುಷ್ಯ. ಹೆಂಡತಿಗೆ ಮೋಸಂಬಿ ಸುಲಿದು, ಬೀಜ ತೆಗೆದು ಕೊಡುವವರು. ಅಂಥವರಿಗೆ ಸೊಸೆಯಾದವಳು ಇದನ್ನು ಯಾವ ಬಾಯಿಂದ ಹೇಳಬೇಕು?

ಗಂಡನಿಗೆ ಹೇಳಿದಳು. ಅಮರನಾಥ ಡ್ಯೂಟಿಗೆ ಹೊರಟಿದ್ದ, ಬಸ್ ಡ್ರೈವರ್.

"ಏ ಹುಚ್ಚಿ, ಅವ್ವ ಅಪ್ಪ ಅವರು! ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ನೀ ನಡುವ ಬರಬ್ಯಾಡ. ಓಣ್ಯಾಗ ಇಜ್ಜತ್ ಹೋಗ್ತದ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋಗಿಯೇಬಿಟ್ಟ.

ಗಾದೆ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ತಾನು ಸುಮ್ಮನಿದ್ದರೆ ಇವತ್ತು ಸಂಜೆ ಅತ್ತೆ ಮತ್ತೆ ಗಂಟು ಹಾಕಲು ಕೂಡುತ್ತಾಳೆ. ಪ್ರೇಮಲಾ ಸೀದಾ ಶಾಮಲಾಳ ಮನೆಗೆ ಹೋದಳು.

ಮಧ್ಯಾಹ್ನ ಶಾಮಲಾ ಬಂದು ವೈಜಿನಾಥರ ಎದುರು ಕುಳಿತಳು. ಮಾತು ಕೇಳಿ ಅವರ ಮುಖ ಕೆಂಪಾಯಿತು.

"ಕಟ್ಕೊಂಡ ಹೆಣ್ತಿ ಯವ್ವಾ ಆಕಿ! ಇದರಾಗೇನ್ ತಪ್ಪದ? ನಾ ಕೇಳೇ ಹತ್ರ ಹೋಗ್ತೀನಿ. ಹ್ಞೂಂ ಅಂತಾಳ."

ಶಾಮಲಾ ಜಗಳಕ್ಕೆ ಹೋಗಲಿಲ್ಲ. ಬಾಗಿಲ ಬಳಿ ಕುಳಿತಿದ್ದ ಈರಮ್ಮನ ಕಡೆ ತಿರುಗಿದಳು.

"ಕಾಕಿ, ಉಂಡ್ರೇನ್ರಿ?"

"ಹ್ಞೂಂ."

"ಇನ್ನಾ ಉಂಡಿಲ್ಲೇನ್ರಿ?"

"ಹ್ಞೂಂ."

"ನಿಮ್ಮ ಮನಿ ನಾ ತೊಗೊಂಡ್ ಹೋಗ್ಲೇನ್ರಿ?"

"ಹ್ಞೂಂ," ಎಂದು ಈರಮ್ಮ ಮಗುವಿನ ಹಾಗೆ ನಕ್ಕಳು.

ವೈಜಿನಾಥರು ತಲೆ ತಗ್ಗಿಸಿದರು.

"ಏನ್ ಕೇಳ್ಯಾರ ಅಂತ ತಿಳೀದೆ ಅಂದ ಹ್ಞೂಂ, ಹ್ಞೂಂ ಅಲ್ರಿ ಕಾಕಾ," ಎಂದಳು ಶಾಮಲಾ. "ಬಾಯಿ ಹ್ಞೂಂ ಅಂತದ. ಸಂಜಿಗಿ ಉಡೋ ಎರಡನೇ ಸೀರಿ ಏನಂತದ, ನೀವೇ ಹೇಳ್ರಿ."

ವೈಜಿನಾಥರು ಗೂಟದ ಮೇಲಿನ ರುಮಾಲನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು.

"ಹಂಗಾದ್ರ ನಾ ಆಕಿಗಿ ಏನೂ ಅಲ್ಲೇನ?" ಎಂದರು ವೈಜಿನಾಥರು.

"ಯಾಕಲ್ರಿ? ಹತ್ರ ಕೂಡ್ರಿ, ಹೆಸರು ಹೇಳ್ರಿ, ಕೈ ಚಾಚ್ರಿ. ಅವರಾಗೇ ಕೈ ಕೊಟ್ರ ಹಿಡೀರಿ. ಹಿಂದ ಎಳ್ಕೊಂಡ್ರ ಬಿಡ್ರಿ. ಹಾಸಗಿ ಮಾತ್ರ ಇವತ್ತಿನಿಂದ ಬ್ಯಾರೆ. ಗಂಡ ಆದ್ರೂ ಅಷ್ಟೇ, ಯಾರಾದ್ರೂ ಅಷ್ಟೇ. ಮತ್ತ ಹಿಂಗಾದ್ರ ನಾ ಸುಮ್ಮ ಕೂಡಂಗಿಲ್ಲ, ಹೆಣ್ಮಕ್ಕಳ ಸಹಾಯವಾಣಿ 181ಕ್ಕ ಫೋನ್ ಹಚ್ತೀನಿ. ನಾಳಿ ಕಾಕಿಗಿ ದವಾಖಾನಿಗಿ ಕರ್ಕೊಂಡ್ ಬರ್ರಿ, ಡಾಕ್ಟರಮ್ಮಗ ತೋರ್ಸಮು."

ಅಂದೇ ಈರಮ್ಮನ ಹಾಸಿಗೆ ಪ್ರೇಮಲಾಳ ಕೋಣೆಗೆ ಬಂತು. ವೈಜಿನಾಥರು ತಮ್ಮ ಮಂಚವನ್ನು ತಾವೇ ಪಡಸಾಲೆಗೆ ಎಳೆದುಕೊಂಡರು. ಡ್ಯೂಟಿ ಮುಗಿಸಿ ಬಂದ ಅಮರನಾಥ ತಾಯಿಯ ಮುಂಗೈ ನೋಡಿದ. ಈ ಸಲ ಅವನಿಗೆ ಯಾವ ಗಾದೆಯೂ ನೆನಪಾಗಲಿಲ್ಲ. "ನೀ ಹೇಳ್ದಾಗ ನಾ ಕೇಳಬೇಕಾಗಿತ್ತು," ಎಂದ.

ಆಮೇಲೆ ವೈಜಿನಾಥರು ದಿನಾ ಹಗಲು ಹೊತ್ತಿನಲ್ಲಿ ಮೋಸಂಬಿ ಸುಲಿದು ತಟ್ಟೆಯಲ್ಲಿಟ್ಟು ದೂರ ಕೂಡುತ್ತಿದ್ದರು. "ನಾ ವೈಜಿನಾಥ," ಎಂದು ಪ್ರತಿ ಸಲವೂ ಹೇಳುತ್ತಿದ್ದರು. ಮೊದಮೊದಲು ಈರಮ್ಮ ತಟ್ಟೆ ಎತ್ತಿಕೊಂಡು ಒಳಗೆ ಓಡುತ್ತಿದ್ದಳು. ಬರಬರುತ್ತಾ ಅಲ್ಲೇ ಕುಳಿತು ತಿನ್ನತೊಡಗಿದಳು.

ಒಂದು ಸಂಜೆ ದೀಪ ಹಚ್ಚಿ ಬಂದ ಪ್ರೇಮಲಾ ಬಾಗಿಲಲ್ಲೇ ನಿಂತಳು. ಈರಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಮೈ ಮೇಲೆ ಒಂದೇ ಸೀರೆ ಇತ್ತು, ಸೆರಗಿಗೆ ಗಂಟಿರಲಿಲ್ಲ. ಪಡಸಾಲೆಯಿಂದ ವೈಜಿನಾಥರೂ ನೋಡಿದರು. ರುಮಾಲಿನಿಂದ ಕಣ್ಣೊರೆಸಿಕೊಂಡರು.

"ಇಷ್ಟು ದಿನ ಆಕಿ ನನಗೇ ಅಂಜತಿದ್ಲು ಯವ್ವಾ," ಎಂದರು. "ನನಗೇ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮರೆವಿನ ಕಾಯಿಲೆಯ ಹಿರಿಯರಿರಬಹುದು. ಹೆಣ್ಣಾಗಲಿ ಗಂಡಾಗಲಿ, ಅವರ ಮೈ ಅವರದೇ. ಮುಟ್ಟುವವರು ಗಂಡನಿರಲಿ, ನೆಂಟನಿರಲಿ, ಸಂಬಳಕ್ಕೆ ನೋಡಿಕೊಳ್ಳುವವರಿರಲಿ, ತಿಳಿದು ಒಪ್ಪಲಾರದವರ ಮೌನವನ್ನೂ ಹ್ಞೂಂಗುಟ್ಟುವುದನ್ನೂ ಒಪ್ಪಿಗೆ ಎನ್ನಬಾರದು. ಇದ್ದಕ್ಕಿದ್ದಂತೆ ಒಬ್ಬರನ್ನು ಕಂಡರೆ ಹೆದರುವುದು, ಸ್ನಾನಕ್ಕೆ ಒಲ್ಲೆನ್ನುವುದು, ಮೈಮೇಲೆ ಗಾಯ ಕಾಣುವುದು, ಇದನ್ನೆಲ್ಲ ಮರೆವಿನ ತಲೆಗೆ ಕಟ್ಟಬೇಡಿ. ದವಾಖಾನೆಗೆ ತೋರಿಸಿ. ಹಿರಿಯರ ಸಹಾಯವಾಣಿ 14567, ಮಹಿಳೆಯರದು 181. ಇಜ್ಜತ್ ಹೋಗುತ್ತದೆಂದು ಬಾಯಿ ಮುಚ್ಚಿಕೊಳ್ಳಬೇಡಿ. ಇವತ್ತು ಸಂಜೆ ಮನೆಗೆ ಹೋದ ಮೇಲೆ ನಿಮ್ಮ ಹಿರಿಯರ ಹತ್ತಿರ ಒಂದು ಗಳಿಗೆ ಕುಳಿತು ನೋಡಿ, ಅವರು ಯಾರಿಗಾದರೂ ಅಂಜುತ್ತಿದ್ದಾರೆಯೇ ಎಂದು.