ಮದುವೆಯ ಹೊರೆ

ಸುಳ್ಳು ಮದುವೆಗೆ ನಿಜವಾದ ಮದರಂಗಿ ಹಚ್ಚಿಕೊಂಡು ಬಂದ ಅಬಕರನನ್ನು ನೋಡಿ ದಾರಸಲಾಮಳಿಗೆ ಮೈಯೆಲ್ಲ ಉರಿಯಿತು.

"ಬೆರಳ ತುದಿಗೆ ಸಾಕು ಅಂದಿದ್ನಲ್ಲ? ಮೊಣಕೈವರೆಗೂ ಬಳ್ಕೊಂಡಿದ್ದೀಯಲ್ಲೋ!"

"ಮದುಮಗ ಅಂದ್ಮೇಲೆ ಮದುಮಗನ ಥರ ಕಾಣ್ಬೇಡ್ವಾ ಅಕ್ಕಾ? ಬಂದೂಕಿನೋರೇನು ಕುರುಡರಾ?" ಎಂದ ಅಬಕರ, ಗಾಡಿಯ ಕತ್ತೆಗೆ ಕೆಂಪು ಬಟ್ಟೆ ಕಟ್ಟುತ್ತ.

ಅವನಿಗೆ ಅರವತ್ತು ದಾಟಿತ್ತು, ಮುಂದಿನ ಹಲ್ಲುಗಳು ಆಗಲೇ ಕೈಕೊಟ್ಟಿದ್ದವು. ಆದರೂ ಮದುಮಗನ ಪಾತ್ರ ಅವನ ಪಾಲಿಗೇ ಬಂದಿತ್ತು. ದಾರ್ಫುರದ ಆ ರಸ್ತೆಯಲ್ಲಿ ಅವರ ಜನರ ಹರೆಯದ ಗಂಡಸು ಯಾರೂ ಓಡಾಡುವಂತಿರಲಿಲ್ಲ. ಕಂಡರೆ ಬಂದೂಕಿನವರು ಗಾಡಿಯಿಂದ ಇಳಿಸಿ, ಯಾವ ಕುಲ ಎಂದು ಕೇಳಿ, ಹೊಡೆದು ಹಾಕುತ್ತಿದ್ದರು. ಮುದುಕರು, ಹೆಂಗಸರು, ಮಕ್ಕಳಿಗೆ ಗುಂಡು ದಂಡ ಅನ್ನಿಸಿತೋ ಏನೋ, ಅವರಿದ್ದ ನಿರಾಶ್ರಿತರ ಶಿಬಿರಕ್ಕೆ ಒಂದು ಕಾಳೂ ಹೋಗದಂತೆ ರಸ್ತೆಗೆ ಅಡ್ಡಗಟ್ಟೆ ಹಾಕಿ ಕೂತಿದ್ದರು.

ಆ ಶಿಬಿರದ ಗಂಜಿ ಕೇಂದ್ರ ನಡೆಸುತ್ತಿದ್ದವಳು ದಾರಸಲಾಮ. ಅವಳ ಬಾಯಿಗೆ ಶಿಬಿರವೆಲ್ಲ ಹೆದರುತ್ತಿತ್ತು, ಅವಳ ಕೈಯಡುಗೆಯಿಂದಲೇ ಶಿಬಿರವೆಲ್ಲ ಬದುಕಿತ್ತು. ಈಗ ಅವಳ ಹಗೇವಿನಲ್ಲಿ ಉಳಿದಿದ್ದ ಜೋಳ ಒಂದು ದಿನದ ಮುದ್ದೆಗೂ ಸಾಲುವಂತಿರಲಿಲ್ಲ. ಅಡ್ಡಗಟ್ಟೆಯಿಂದಾಚೆಯ ಕುರ್ಗಿ ಪೇಟೆಯ ಜನ ಪುಣ್ಯಾತ್ಮರು. ತಮಗೇ ಕಷ್ಟವಿದ್ದರೂ ಜೋಳ, ಬೇಳೆ, ಎಣ್ಣೆ, ಸಕ್ಕರೆ ಕೂಡಿಹಾಕಿ ಕೊಟ್ಟಿದ್ದರು. ಹಿಂದೆ ಹಾಗೆ ಕೊಟ್ಟಿದ್ದನ್ನೆಲ್ಲ ಅಡ್ಡಗಟ್ಟೆಯವರು ನುಂಗಿ ನೀರು ಕುಡಿದಿದ್ದರು.

ಆದರೆ ಬಂದೂಕು ಹಿಡಿದವನೂ ಮುಟ್ಟದ ವಸ್ತುವೊಂದು ಆ ಸೀಮೆಯಲ್ಲಿತ್ತು. ಗಂಡಿನ ಮನೆಯ ಹೆಂಗಸರು ಡೋಲು ಬಡಿಯುತ್ತ ಹೆಣ್ಣಿನ ಮನೆಗೆ ಒಯ್ಯುವ ಮದುವೆಯ ಹೊರೆ. ಅದನ್ನು ದೋಚಿದವನ ಮೇಲೆ ಹೆಂಗಸರು ಹಾಡು ಕಟ್ಟುತ್ತಾರೆ. ಆ ಹಾಡು ಬಾವಿಯಿಂದ ಬಾವಿಗೆ, ಸಂತೆಯಿಂದ ಸಂತೆಗೆ ಹಬ್ಬಿ ಅವನ ತಾಯಿಯ ಕಿವಿಗೂ ಬೀಳುತ್ತದೆ. ಆಮೇಲೆ ಅವನಿಗೆ ಯಾರೂ ಹೆಣ್ಣು ಕೊಡುವುದಿಲ್ಲ. ಗುಂಡಿಗೆ ಹೆದರದವರೂ ಇದಕ್ಕೆ ಹೆದರುತ್ತಿದ್ದರು.

ಹೀಗಾಗಿ ಮೂಟೆಗಳ ಮೇಲೆ ಬಣ್ಣದ ಚಾಪೆ ಹೊದಿಸಿ, ಡೋಲು ಬಡಿಯುತ್ತ, ನಾಲಗೆ ಹೊರಳಿಸಿ ಕೇಕೆ ಹಾಕುತ್ತ ಹೆಂಗಸರ ದಿಬ್ಬಣ ಕುರ್ಗಿಯಿಂದ ಶಿಬಿರದ ಕಡೆಗೆ ಹೊರಟಿತು. ಗಂಡಿನ ಅಕ್ಕನಾಗಿ ದಾರಸಲಾಮ ಮುಂದೆ ನಡೆದಳು.

ಅಡ್ಡಗಟ್ಟೆಯ ಮುಖ್ಯಸ್ಥ ಜಿದ್ದೊ ಎಂಬ ಯುವಕ. ಮೂಟೆಗಳನ್ನೂ ಮದುಮಗನನ್ನೂ ನೋಡಿ ಹಲ್ಲು ಕಿರಿದ.

"ಒಂದು ಹೆಣ್ಣಿಗೆ ಇಷ್ಟೊಂದು ಜೋಳಾನಾ? ಆನೆ ಏನಾದ್ರೂ ಕಟ್ಕೊಳ್ತಿದ್ದೀಯಾ ತಾತಾ?"

"ಹೆಣ್ಣಿನ ಕಡೆ ನೆಂಟರು ಜಾಸ್ತಿ ಕಣಪ್ಪಾ," ಎಂದಳು ದಾರಸಲಾಮ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

"ಸರಿ, ಹೆಣ್ಣು ಯಾರು?"

ಡೋಲು ತಟ್ಟನೆ ನಿಂತಿತು. ಹೊರೆಯ ಜೊತೆ ಮದುವಣಗಿತ್ತಿ ಬರುವ ಪದ್ಧತಿ ಅವರಲ್ಲಿಲ್ಲ. ಆದ್ದರಿಂದ ಚಾಪೆಯ ಬಣ್ಣದವರೆಗೂ ಯೋಚಿಸಿದ್ದ ಅಷ್ಟೂ ಹೆಂಗಸರಲ್ಲಿ ಒಬ್ಬಳಿಗೂ, ಮದುವೆಗೆ ಹೆಣ್ಣೊಂದು ಬೇಕು ಎಂಬುದು ಹೊಳೆದಿರಲಿಲ್ಲ.

"ಖಮೀಸಾ," ಎಂದುಬಿಟ್ಟಳು ದಾರಸಲಾಮ. ಬಾಯಿಗೆ ಬಂದ ಹೆಸರು ಅದೊಂದೇ. "ಮೇಡಂ ಖಮೀಸಾ. ವಿಧವೆ."

"ಮದುವೆ ಊಟ ಮಾಡಿ ವರ್ಷ ಆಯ್ತು," ಎಂದು ಜಿದ್ದೊ ಬಂದೂಕು ಹೆಗಲಿಗೇರಿಸಿದ. "ನಡೀರಿ, ನಾವೂ ಬರ್ತೀವಿ. ಮದುವೆ ಇಲ್ಲ ಅಂತಾದ್ರೆ ಮೂಟೇನೂ ಇಲ್ಲ, ನೀವೂ ಇಲ್ಲ."

ಶಿಬಿರ ಕಣ್ಣಿಗೆ ಬಿದ್ದದ್ದೇ ತಡ, ಹೆಣ್ಣಿನ ಕಡೆಯವರಿಗೆ ಸುದ್ದಿ ಮುಟ್ಟಿಸುವ ನೆಪದಲ್ಲಿ ದಾರಸಲಾಮ ಸೆರಗು ಸಿಕ್ಕಿಸಿಕೊಂಡು ಓಡಿದಳು.

ಖಮೀಸಾ ತನ್ನ ಜೋಪಡಿಯಲ್ಲಿ ಹೊಸದಾಗಿ ಬಂದ ಹೆಂಗಸೊಬ್ಬಳ ಮಾತನ್ನು ಫೋನಿನಲ್ಲಿ ಹಿಡಿದಿಡುತ್ತಿದ್ದಳು. ಹಿಂದೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಈಗ ಯಾವ ಹಳ್ಳಿ ಸುಟ್ಟರು, ಯಾರನ್ನು ಕೊಂದರು, ಯಾರು ಆಜ್ಞೆ ಕೊಟ್ಟರು ಎಂಬುದನ್ನೆಲ್ಲ ಕಂಡವರ ಬಾಯಿಂದಲೇ ಹೇಳಿಸಿ ದೂರದೇಶದ ವಕೀಲರಿಗೆ ಕಳಿಸುತ್ತಿದ್ದಳು. ಈ ಕೊಲೆಗಡುಕರು ಒಂದು ದಿನ ಕಟಕಟೆಯಲ್ಲಿ ನಿಲ್ಲಬೇಕು, ಆಗಲೇ ಇದು ನಿಲ್ಲುವುದು ಎಂಬುದು ಅವಳ ಹಟ.

"ಫೋನ್ ಬಚ್ಚಿಡೇ, ನಿನ್ನ ಮದುವೆ ಬಂತು!" ಎಂದಳು ದಾರಸಲಾಮ ಏದುಸಿರು ಬಿಡುತ್ತ.

ವಿಷಯ ತಿಳಿದ ಖಮೀಸಾ ಕಣ್ಣು ಕೆಂಪಗೆ ಮಾಡಿದಳು. "ನನ್ನನ್ನ ಒಂದು ಮಾತು ಕೇಳ್ದೆ ಆ ಬೊಚ್ಚುಬಾಯಿಗೆ ಕಟ್ಟಿದ್ಯಾ? ನಿನ್ನ ಹೆಸರೇ ಹೇಳೋಕೆ ಏನಾಗಿತ್ತು ನಿನಗೆ?"

"ನಾನು ಗಂಡಿನ ಅಕ್ಕ ಅಂತ ಹೇಳಿ ಆಗಿತ್ತಲ್ಲೇ! ಸುಳ್ಳು ಮದುವೆ ಕಣೇ, ಅವರು ಉಂಡು ಹೋಗೋವರೆಗೆ ಮಾತ್ರ."

ಬಾಗಿಲಲ್ಲಿ ನಿಂತಿದ್ದ ಫಕೀ ಯಾಹ್ಯಾ, ಶಿಬಿರದಲ್ಲಿ ನಮಾಜು ಮಾಡಿಸುವ ಹಿರಿಯ, ತಲೆಯಾಡಿಸಿದ. "ಸುಳ್ಳು ನಿಕಾಹ್ ಅಂತ ಒಂದಿಲ್ಲಮ್ಮಾ. ತಮಾಷೆಗೆ ಒಪ್ಕೊಂಡ್ರೂ ಸಾಕ್ಷಿಗಳ ಮುಂದೆ ಆಯ್ತು ಅಂದ್ರೆ ಆಯ್ತು. ನನ್ನ ಕೈಲಿ ನಾಟಕ ಆಡಿಸ್ಬೇಡಿ."

ಹೊರಗೆ ಗಾಡಿ ಬಂದು ನಿಂತಿತ್ತು. ಏನೂ ತಿಳಿಯದ ಮಕ್ಕಳು ಮೂಟೆಗಳ ಸುತ್ತ ಕುಣಿಯುತ್ತಿದ್ದರು. ಖಮೀಸಾ ಬಾಗಿಲ ಸಂದಿಯಿಂದ ಆ ಮಕ್ಕಳನ್ನು ನೋಡಿ ಫಕೀ ಕಡೆಗೆ ತಿರುಗಿದಳು.

"ಗಂಡು ಕೊಡ್ಬೇಕಾದ ಮಹರ್ ಇಂಥದ್ದೇ ಅಂತ ಕೇಳೋ ಹಕ್ಕು ಹೆಣ್ಣಿಗೆ ಇದೆ ಅಲ್ವಾ ಫಕೀ ಅವರೇ?"

"ಇದೆ. ನೀನು ಕೇಳಿದ್ದು ಸಿಗದೆ ನಿಕಾಹ್ ಮುಂದುವರಿಯಲ್ಲ."

"ಹಾಗಾದ್ರೆ ಮೊದ್ಲು ಆ ಬಂದೂಕಿನವನನ್ನ ಸಾಕ್ಷಿಗೆ ಒಪ್ಪಿಸಿ. ಅಕ್ಕಾ, ಅವನಿಗೆ ಹೊಟ್ಟೆ ತುಂಬ ಬಡಿಸು."

ಬಡಿಸುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ದಾರಸಲಾಮಳ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಇಂಥವರೇ ಮನೆಯಂಗಳದಲ್ಲಿ ಸಾಲಾಗಿ ನಿಲ್ಲಿಸಿ ಕೊಂದಿದ್ದರು. ಹಗೇವಿನ ಕೊನೆಯ ಜೋಳದ ಮುದ್ದೆಯನ್ನು ಈಗ ಇವನ ತಟ್ಟೆಗೆ ಹಾಕಬೇಕಿತ್ತು. ಕ್ಷಮೆಯೆಂಬುದು ಅವಳ ಹತ್ತಿರ ಒಂದು ಚಿಟಿಕೆಯಷ್ಟೂ ಇರಲಿಲ್ಲ. ಆದರೂ ಒಣ ಬೆಂಡೆಯ ಸಾರನ್ನು ಧಾರಾಳವಾಗಿ ಹೊಯ್ದಳು. ಇವನು ಉಂಡಷ್ಟೂ ಋಣ ಬಿಗಿಯಾಗುತ್ತದೆಂದು ಅವಳಿಗೆ ಗೊತ್ತಿತ್ತು. ಜಿದ್ದೊ ಬೆರಳು ನೆಕ್ಕಿ, ಎಲ್ಲರ ಮುಂದೆ ತಾನೇ ಸಾಕ್ಷಿಯೆಂದು ಒಪ್ಪಿಕೊಂಡ.

ಫಕೀ ಒಳಗೆ ಹೋಗಿ ಹೆಣ್ಣಿನ ಮಾತು ಕೇಳಿಕೊಂಡು ಹೊರಗೆ ಬಂದ. "ಮಹರ್ ಹೀಗಿದೆ. ಪದ್ಧತಿಯಂತೆ ಮದುವಣಗಿತ್ತಿ ಮನೆಯಲ್ಲಿ ಕೂರೋ ನಲವತ್ತು ದಿನ, ಅವಳಿಗೆ ಉಡುಗೊರೆ ತರೋ ಯಾವ ಗಾಡೀನೂ ದಾರಿಯಲ್ಲಿ ನಿಲ್ಲಬಾರದು."

ಅಬಕರ ಕಕ್ಕಾಬಿಕ್ಕಿಯಾದ. "ನನ್ನ ಹತ್ರ ಇರೋದು ಒಂದು ಕತ್ತೆ. ರಸ್ತೇನ ಎಲ್ಲಿಂದ ತಂದ್ಕೊಡ್ಲಿ?"

"ರಸ್ತೆ ಕೊಡೋನು ಸಾಕ್ಷಿ ಹಾಕೋಕೆ ಬಂದು ಕೂತಿದ್ದಾನೆ, ಕೇಳ್ಕೋ!" ಎಂದಳು ಖಮೀಸಾ ಪರದೆಯ ಒಳಗಿಂದಲೇ, ಪಾಠ ಹೇಳುವ ದನಿಯಲ್ಲಿ.

ಎಲ್ಲರ ಕಣ್ಣೂ ಜಿದ್ದೊನ ಮೇಲೆ ಬಿತ್ತು. ದಾರಸಲಾಮ ಡೋಲನ್ನು ಮಡಿಲಿಗೆ ಎಳೆದುಕೊಂಡು ಮೆಲ್ಲಗೆ ಬೆರಳಾಡಿಸಿದಳು.

"ಮದುವೆ ಮುದ್ದೆ ಉಂಡು ಮಹರ್ ಮುರಿದ ಗಂಡು... ರಾಗ ಚೆನ್ನಾಗಿ ಕೂರುತ್ತೆ ಅಲ್ವೇನ್ರೇ? ಮಗಾ, ನಿಮ್ಮವ್ವ ಯಾವ ಊರ ಬಾವೀಲಿ ನೀರು ಸೇದ್ತಾಳಪ್ಪ?"

"ಡೋಲು ಕೆಳಗಿಡು ಅಜ್ಜೀ!" ಎಂದ ಜಿದ್ದೊ, ಹಣೆಯ ಬೆವರು ಒರೆಸಿಕೊಳ್ಳುತ್ತ. "ನಲವತ್ತು ದಿನ ತಾನೇ? ಕೊಟ್ಟೆ. ಒಂದು ದಿನಾನೂ ಹೆಚ್ಚಿಲ್ಲ."

ಅವತ್ತು ಎದ್ದ ಕೇಕೆಗೆ ಅಬಕರನ ಕತ್ತೆ ಹಗ್ಗ ಕಿತ್ತುಕೊಂಡು ಓಡಿತು. ಮದುಮಗ ಅದನ್ನು ಹಿಡಿದು ತರುವವರೆಗೆ ನಿಕಾಹ್ ತಡವಾಯಿತು.

ಅಲ್ಲಿಂದ ಮದುವಣಗಿತ್ತಿಗೆ ಬಂದ ಉಡುಗೊರೆಗಳನ್ನು ನೋಡಬೇಕಿತ್ತು! ಜೋಳ, ಕಡಲೆಕಾಯಿ, ಸೋಪು, ಮಲೇರಿಯಾ ಮಾತ್ರೆ, ಒಮ್ಮೆಯಂತೂ ಗಾಡಿ ತುಂಬ ಗ್ಲುಕೋಸ್ ಬಾಟಲಿ. "ಹೆಣ್ಣು ತುಂಬಾ ಸುಸ್ತಾಗಿದ್ದಾಳೆ," ಎಂದು ಅಬಕರ ಅಡ್ಡಗಟ್ಟೆಯಲ್ಲಿ ಮುಖ ಗಂಟಿಕ್ಕಿಕೊಂಡು ಹೇಳುತ್ತಿದ್ದ. ಖಮೀಸಾಳ ಫೋನಿಗೆ ಬಿಸಿಲಿನಿಂದ ಚಾರ್ಜ್ ಮಾಡುವ ಹಲಗೆಯೊಂದು ಚಾಪೆಯಡಿ ಬಂತು. ಅದನ್ನು ಸೂರ್ಯನ ಕಡೆಗೆ ತಿರುಗಿಸುತ್ತ ಕೂರುವುದೇ ಗಂಡನಾದವನ ಕೆಲಸವಾಯಿತು. ಮಕ್ಕಳ ಕೆನ್ನೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮಾಂಸ ಕಾಣತೊಡಗಿತು. ದಾರಸಲಾಮ ಅದನ್ನು ನೋಡಿದಾಗೆಲ್ಲ ಸುಮ್ಮಸುಮ್ಮನೆ ಯಾರನ್ನಾದರೂ ಬೈಯುತ್ತಿದ್ದಳು. ಅವಳಿಗೆ ಸಂತೋಷವಾಗಿದೆಯೆಂದು ಎಲ್ಲರಿಗೂ ತಿಳಿಯುತ್ತಿತ್ತು.

ಕೊನೆಯ ದಿನ ಗಾಡಿಯೊಂದಿಗೆ ಬಂದ ಅಬಕರನ ಮುಖ ಸಪ್ಪಗಿತ್ತು.

"ನಾಳೆಯಿಂದ ರಸ್ತೆ ಬಂದ್ ಅಂತೆ. ಇನ್ನೊಂದು ಮದುವೆ ಇದ್ರೆ ಮಾತ್ರ ಬಿಡ್ತಾನಂತೆ. 'ನಿಮ್ಮಲ್ಲಿ ಇನ್ನೊಬ್ಬ ವಿಧವೆ ಎಲ್ಲಿ ಸಿಗ್ತಾಳೆ ನೋಡೋಣ' ಅಂತ ನಕ್ಕ. ಏನಂತ ಹೇಳ್ಲಿ?"

ಒಲೆಗಳ ಸುತ್ತ ಕೂತಿದ್ದ ಹೆಂಗಸರ ಕೈ ನಿಂತಿತು. ದಾರಸಲಾಮ ಮುದ್ದೆ ತಿರುವುತ್ತಿದ್ದ ಕೋಲನ್ನು ಎತ್ತಿ ಪಕ್ಕಕ್ಕಿಟ್ಟಳು. ಸುತ್ತಲಿದ್ದ ಒಬ್ಬೊಬ್ಬಳ ಮುಖವನ್ನೂ ನೋಡಿದಳು.

"ಈ ಸಲ ಹೆಣ್ಣು ನಾನೇ ಅಂತ ಹೇಳು. ನಾನಾದ್ಮೇಲೆ ಇವಳು. ಇವಳಾದ್ಮೇಲೆ ಅವಳು. ವಿಧವೆಯರಿಗೆ ನಮ್ಮಲ್ಲಿ ಬರ ಇಲ್ಲ ಅಂತ ಹೇಳು. ಆ ಬೆಳೆಯೊಂದನ್ನ ನೀವೇ ಚೆನ್ನಾಗಿ ಬೆಳೆದು ಕೊಟ್ಟಿದ್ದೀರಿ ಅಂತ ಹೇಳು."

ಇದರಲ್ಲಿ ಒಂದಕ್ಷರವನ್ನೂ ಬಿಡಬೇಡವೆಂದು ಖಮೀಸಾ ಗಂಡನಿಗೆ ತಾಕೀತು ಮಾಡಿದಳು. ಅಬಕರ ಬಾಯಲ್ಲೇ ಅದನ್ನು ಹೇಳಿಕೊಳ್ಳುತ್ತ ಗಾಡಿ ತಿರುಗಿಸಿದ.